ಸ್ಪೇಸ್ ಗೇಮಿನ ಮಿಷನ್ ಎಂತಕ್ಕೆ ಅಂತ ಮಕ್ಕಳಿಗೆ ಗೊತ್ತಾಗ್ಬೇಕು

ಮಾನ್ಯ ಸಂಪಾದಕರೇ,

ಗೇಮ್ ಆಡಿ ಮಕ್ಕಳು ಹಾಳಾಗ್ತಾರೆ ಅಂತ ನಿಮ್ಮ ಪೇಪರಿಗೆ ಪತ್ರ ಬರ್ತಾ ಇರ್ತದೆ, ಬರ್ಲಿ, ಅದೂ ಬೇಕು. ಆದ್ರೆ ಒಳ್ಳೆ ಗೇಮ್ ಇನ್ನೂ ಒಳ್ಳೇದಾಗುದು ಹೇಗೆ ಅಂತ ಯಾರೂ ಬರೆದದ್ದು ನಾನು ನೋಡ್ಲಿಲ್ಲ, ಹಾಗಾಗಿ ಈ ಪತ್ರ.

ನನ್ನ ಅಕ್ಕನ ಮಗ ಎಂಟನೇ ಕ್ಲಾಸು, ಇಲ್ಲೇ ಬದಿಯಡ್ಕದಲ್ಲಿ, ಕನ್ನಡ ಮೀಡಿಯಂ. ಕಂಪ್ಯೂಟರಲ್ಲಿ ಒಂದು ಸ್ಪೇಸ್ ಗೇಮ್ ಆಡ್ತಾನೆ, ರಾಕೆಟ್ ನಾವೇ ಜೋಡಿಸುದು, ಆರ್ಬಿಟ್, ಅಂದ್ರೆ ಅದು ಸುತ್ತುವ ದಾರಿ, ನಾವೇ ಸರಿ ಮಾಡುದು. ಗೇಮ್ ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಮೂರು ಸಂಜೆ ಕೂತು, ನಡುವೆ ಕರೆಂಟ್ ಹೋಗಿ ಮತ್ತೆ ಮೊದಲಿಂದ ಶುರು ಮಾಡಿ, ಕೊನೆಗೆ ಟ್ಯಾಂಕಲ್ಲಿ ಚೂರೇ ಚೂರು ಇಂಧನ ಇರುವಾಗ ಚಂದ್ರನಲ್ಲಿ ಲ್ಯಾಂಡರ್ ಇಳಿಸಿದ, ಒಂದು ಕಾಲು ಇಳಿಜಾರಲ್ಲಿ ಊರಿ ಲ್ಯಾಂಡರ್ ವಾಲಿತು, ಬೀಳ್ಲಿಲ್ಲ. ಅವನ ಕೈ ಬೆವರಿ ಮೌಸ್ ಒದ್ದೆ ಆಗಿತ್ತು. ಮಿಷನ್ ಇದ್ದದ್ದು ಟೆಂಪರೇಚರ್ ನೋಡ್ಲಿಕ್ಕೆ. ಬಟನ್ ಒತ್ತಿದ, ಒಂದು ನಂಬರ್ ಬಂತು, ಕಾಯಿನ್ ಬಂತು, ಕೂಡ್ಲೇ ಹೊಸ ಮಿಷನ್, ಎರಡು ಕಿಲೋಮೀಟರ್ ಆಚೆ ಹೋಗಿ ಪುನಃ ಟೆಂಪರೇಚರ್ ನೋಡಿ ಅಂತ. "ಮಾವ, ಇದು ಎಂತಕ್ಕೆ?" ಕೇಳಿದ. ನನಗೂ ಗೊತ್ತಿರ್ಲಿಲ್ಲ, ಗೇಮಿನಲ್ಲೂ ಎಲ್ಲಿಯೂ ಬರೆದಿರ್ಲಿಲ್ಲ.

ಚಂದ್ರಯಾನ-3 ಕೂಡ ಟೆಂಪರೇಚರೇ ನೋಡಿದ್ದು. ಅದರ ವಿಕ್ರಮ್ ಲ್ಯಾಂಡರಿನ ಪ್ರೋಬ್, ಅಂದ್ರೆ ಬಿಸಿ ಅಳೆಯುವ ಕಡ್ಡಿ, ಮಣ್ಣಿಗೆ ಇಳಿದಾಗ ಮೇಲೆ ಸುಮಾರು 50 ಡಿಗ್ರಿ, 8 ಸೆಂಟಿಮೀಟರ್ ಕೆಳಗೆ ಮೈನಸ್ 10. ಅರ್ಧ ಗೇಣೂ ಇಲ್ಲ ಮಾರಾಯ್ರೆ! ಅಲ್ಲಿಯ ಮಣ್ಣು ಬಿಸಿಯನ್ನು ಕೆಳಗೆ ಬಿಡುದೇ ಕಮ್ಮಿ ಅಂತ ಇದರಿಂದ ತಿಳೀತದೆ. ಗೇಮಿನಲ್ಲಿ ಬಂದ ನಂಬರೂ ಹೀಗೆ ಮುಂದಿನ ಮಿಷನ್ನಿಗೆ ಉಪಯೋಗ ಆಗ್ಬೇಕು, ಬ್ಯಾಟರಿ ಎಲ್ಲಿಟ್ರೆ ರಾತ್ರಿಯ ಚಳಿಗೆ ಉಳೀತದೆ ಅಂತ ಹುಡುಗ ಅದನ್ನು ನೋಡಿ ಯೋಚನೆ ಮಾಡ್ಬೇಕು. ಈಗ ಕಾಯಿನ್ ಬಂದ ಮೇಲೆ ಆ ನಂಬರನ್ನು ಯಾರೂ ತಿರುಗಿ ನೋಡುದಿಲ್ಲ.

ಇದಕ್ಕಿಂತ ದೊಡ್ಡ ಬೇಜಾರು ಫೇಲ್ ಆದಾಗಿನದ್ದು. ಗೇಮಿನಲ್ಲಿ ಒಂದೋ ಪೂರ್ತಿ ಪಾಸ್, ಇಲ್ಲದಿದ್ರೆ ಫೇಲ್, ಮಕ್ಕಳು ಹಳೇ ಸೇವ್ ಲೋಡ್ ಮಾಡಿ, ಅಂದ್ರೆ ಮೊದಲು ಉಳಿಸಿಟ್ಟಲ್ಲಿಗೆ ವಾಪಸ್ ಹೋಗಿ, ಆದದ್ದನ್ನು ಅಳಿಸಿಬಿಡ್ತಾರೆ. ಇಸ್ರೋದವರು ಹಾಗೆ ಅಳಿಸ್ಲಿಕ್ಕೆ ಆಗುದಿಲ್ಲ. 2013 ನವೆಂಬರ್ 11ಕ್ಕೆ ಮಂಗಳಯಾನದ ಆರ್ಬಿಟಿನ ಭೂಮಿಯಿಂದ ಅತಿ ದೂರದ ತುದಿ ಸುಮಾರು 1 ಲಕ್ಷ ಕಿಲೋಮೀಟರಿಗೆ ಏರ್ಬೇಕಿತ್ತು, 78 ಸಾವಿರದ ಹತ್ರ ನಿಂತುಬಿಟ್ಟಿತು. ಮರುದಿನ ಇನ್ನೊಮ್ಮೆ ಎಂಜಿನ್ ಉರಿಸಿ 1 ಲಕ್ಷ 18 ಸಾವಿರ ದಾಟಿಸಿದ್ರು, 2014 ಸೆಪ್ಟೆಂಬರ್ 24ಕ್ಕೆ ಅದು ಮಂಗಳನ ಕಕ್ಷೆಗೆ ಸೇರಿತು. ಚಂದ್ರಯಾನ-2ರ ಲ್ಯಾಂಡರ್ 2019ರಲ್ಲಿ ಬಿತ್ತು, ಆದ್ರೆ ಆರ್ಬಿಟರ್ ಸುತ್ತುತ್ತಾ ಉಳೀತು, ಅದು ತೆಗೆದ ಫೋಟೋ ನೋಡಿ ಚಂದ್ರಯಾನ-3ಕ್ಕೆ ಜಾಗ ಹುಡುಕಿದ್ರು, 500 ಮೀಟರ್ ಉದ್ದ ಅಗಲ ಇದ್ದ ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ 2.4 ಕಿಲೋಮೀಟರ್ ಅಗಲಕ್ಕೆ ದೊಡ್ಡದು ಮಾಡಿದ್ರು. ಇದಕ್ಕಿಂತ ಒಳ್ಳೆ ಮಿಷನ್ ಯಾವುದುಂಟು? ಗೇಮಿನಲ್ಲಿ ಒಂದು ಹಸಿರು ವೃತ್ತ ತೋರಿಸಿ ಇಲ್ಲಿ ಇಳಿ ಅಂತಾರೆ, ಅದರ ಬದಲು ಮೊದಲು ನಿನ್ನ ಆರ್ಬಿಟರಿಂದ ಫೋಟೋ ತೆಗೆ, ಕಲ್ಲು ಗುಂಡಿ ಎಲ್ಲ ನೋಡಿ ನೀನೇ ಜಾಗ ಹೇಳು ಅಂತ ಬಿಡ್ಬೇಕು. ಚಂದ್ರನಲ್ಲಿ ಒಂದು ಹಗಲು ಅಂದ್ರೆ ನಮ್ಮ ಸುಮಾರು 14 ದಿನ ಮಾತ್ರ, ಅಷ್ಟರೊಳಗೆ ಯಾವ ಕೆಲಸ ಮೊದಲು ಅಂತಲೂ ಅವನೇ ತೀರ್ಮಾನ ಮಾಡ್ಲಿ.

ಮಿಷನ್ ವಿವರ ಎಲ್ಲ ಇಂಗ್ಲಿಷಲ್ಲೇ, ಕನ್ನಡ ಇಲ್ಲವೇ ಇಲ್ಲ. ಗಡಿನಾಡಿನ ನಮಗೆ ಅದು ಸ್ವಲ್ಪ ಜಾಸ್ತಿಯೇ ನೋಯ್ತದೆ. ಬೆಂಗಳೂರಲ್ಲಿ ಗೇಮ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಇಸ್ರೋ ಕೂಡ ಅಲ್ಲೇ ಉಂಟು, ಇವರ ಕಣ್ಣಿಗೆ ಈ ಪತ್ರ ಬಿದ್ರೆ ಸಾಕು.

ಕಳೆದ ವಾರ ಹುಡುಗನ ಎರಡನೇ ಲ್ಯಾಂಡರ್ ಗುಡ್ಡಕ್ಕೆ ಬಡಿದು ಪುಡಿ ಆಯ್ತು. ಈ ಸಲ ಅವನು ಹಳೇ ಸೇವ್ ಲೋಡ್ ಮಾಡ್ಲಿಲ್ಲ. ಲೆಕ್ಕದ ನೋಟ್ ಬುಕ್ಕಿನ ಕೊನೇ ಪೇಜಲ್ಲಿ ಪೆನ್ಸಿಲಲ್ಲಿ ಬರೆದಿದ್ದಾನೆ, "ಮಿಷನ್ 1: ಬಿದ್ದ ಜಾಗದ ಮೇಲಿಂದ ಹಾರಿ ಫೋಟೋ ತೆಗೆಯುದು. ಮಿಷನ್ 2: ಯಾಕೆ ಬಿತ್ತು ನೋಡುದು." ಇದನ್ನು ಗೇಮಿನೊಳಗೇ ಬರೆಯುವ ಹಾಗೆ ಮಾಡಿ ಕೊಡಿ ಅಂತ ಗೇಮ್ ಮಾಡುವವರ ಹತ್ರ ನನ್ನ ವಿನಂತಿ.

ಇಂತಿ,
ನಿಮ್ಮ ಓದುಗ,
ಬದಿಯಡ್ಕ, ಕಾಸರಗೋಡು