ಮಗಳಿಗೊಂದು ಪತ್ರ: ನೆಂಟರ ಮನೆಯ ಊಟಕ್ಕೆ ಹೆದರಬೇಡ

ಪ್ರೀತಿಯ ಪುಟ್ಟಿ,

ನಾಳಿದ್ದು ಅಜ್ಜಿ ಮನೆಗೆ ಹೊರಡುತ್ತೀಯ. ಅಲ್ಲಿಂದ ಅತ್ತೆ ಮನೆ, ಆಮೇಲೆ ದೊಡ್ಡಪ್ಪನ ಮನೆ. "ಅವರನ್ನೆಲ್ಲ ನೋಡೋಕೆ ಖುಷಿ ಅಮ್ಮಾ, ಊಟಕ್ಕೆ ಕೂರೋದೇ ಭಯ" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ನನ್ನ ಮನಸ್ಸಿನಲ್ಲೇ ಕೂತಿದೆ. ಊಟಕ್ಕೆ ಹೆದರಿಕೊಂಡು ನಮ್ಮವರ ಮನೆಗೆ ಹೋಗುವ ಹಾಗಾಗಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಒತ್ತಾಯ ಮಾಡುವುದು ನಿನ್ನ ಹೊಟ್ಟೆ ನೋಡಿ ಅಲ್ಲ. ವರ್ಷವೆಲ್ಲ ನೀನು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಅಷ್ಟು ದಿನ ಕೂಡಿಟ್ಟ ಪ್ರೀತಿಯನ್ನೆಲ್ಲ ಈ ನಾಲ್ಕು ದಿನದಲ್ಲಿ ಕೊಟ್ಟುಬಿಡಬೇಕು, ಅದಕ್ಕೆ ಕೈಗೆ ಸಿಗುವುದು ಸೌಟು. ಹಾಗಾಗಿ ಮೊದಲ ಸಲ ಬಡಿಸಿದ್ದನ್ನು ಮನಸಾರೆ ತಿನ್ನು. ಮುಖ ಸಿಂಡರಿಸಬೇಡ, ಲೆಕ್ಕ ಹಾಕಬೇಡ. ಆದರೆ ಎರಡನೇ ಸಲ ಹಾಕಿಸಿಕೊಳ್ಳಬೇಕೋ ಬೇಡವೋ ಅನ್ನುವುದನ್ನು ನಿನ್ನ ಹಸಿವು ಹೇಳಬೇಕು, ಬಡಿಸುವವರಲ್ಲ. ನಾನು ಹೇಳಬೇಕು ಅಂದುಕೊಂಡಿದ್ದು ಮುಖ್ಯವಾಗಿ ಇಷ್ಟೇ. ಇದನ್ನು ಯಾರಿಗೂ ನೋವಾಗದ ಹಾಗೆ ಮಾಡುವುದು ಹೇಗೆ ಅನ್ನುವುದೇ ಕಷ್ಟದ ಭಾಗ.

ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಹೊಟ್ಟೆ ಹಿಗ್ಗಿದ್ದು ಒಂದು ಸೂಚನೆ, ಕರುಳಿನಿಂದ ಹೊರಡುವ ಹಾರ್ಮೋನುಗಳು ಇನ್ನೊಂದು. ಅಷ್ಟರೊಳಗೆ ನೆಂಟರ ಮನೆಯಲ್ಲಿ ಮೂರು ಸಲ ಬಡಿಸಿ ಆಗಿರುತ್ತದೆ! ಅದಕ್ಕೆ ನಿಧಾನವಾಗಿ ತಿನ್ನು. ತಟ್ಟೆ ಬೇಗ ಖಾಲಿ ಮಾಡಿದರೆ ಸೌಟು ಅಲ್ಲಿಗೇ ಬರುತ್ತದೆ. ಎಲ್ಲರ ಊಟ ಮುಗಿಯುವವರೆಗೆ ನಿನ್ನ ತಟ್ಟೆಯಲ್ಲೂ ಸ್ವಲ್ಪ ಇರಲಿ.

ಮಾತಾಡುತ್ತಾ ಉಣ್ಣುವಾಗ ಎಲ್ಲರೂ ಜಾಸ್ತಿಯೇ ತಿನ್ನುತ್ತಾರೆ, ಅದು ನಿನ್ನೊಬ್ಬಳ ದೌರ್ಬಲ್ಯ ಅಲ್ಲ. ಜಾನ್ ಡಿ ಕ್ಯಾಸ್ಟ್ರೋ ಎಂಬ ಸಂಶೋಧಕರು 1989ರಲ್ಲಿ ಜನರ ಊಟದ ದಿನಚರಿಗಳನ್ನು ನೋಡಿದಾಗ, ಜೊತೆಯಲ್ಲಿ ಕೂತು ಉಂಡ ಊಟ ಒಬ್ಬರೇ ಉಂಡದ್ದಕ್ಕಿಂತ ಶೇಕಡಾ 44ರಷ್ಟು ದೊಡ್ಡದಿತ್ತು. ಬಗೆಬಗೆಯ ಅಡುಗೆ ಇದ್ದರೂ ಹಾಗೇ. ಒಂದೇ ರುಚಿ ತಿನ್ನುತ್ತಾ ಹೋದರೆ ಬೇಗ ಸಾಕೆನಿಸುತ್ತದೆ, ಹೊಸ ರುಚಿ ಬಂದ ಕೂಡಲೇ ಮತ್ತೆ ಆಸೆ ಹುಟ್ಟುತ್ತದೆ. ಊಟವೆಲ್ಲ ಮುಗಿದ ಮೇಲೂ ಸಿಹಿಗೆ ಜಾಗ ಇರುತ್ತದಲ್ಲ, ಅದು ಇದರಿಂದಲೇ. ಆದ್ದರಿಂದ ಎಲ್ಲವನ್ನೂ ತಿಂದು ಮುಗಿಸುವ ಹಟ ಬೇಡ. ನಿನಗೆ ನಿಜವಾಗಿ ಇಷ್ಟವಾದ ಎರಡು ಮೂರನ್ನು ಚೆನ್ನಾಗಿ ತಿನ್ನು, ಉಳಿದದ್ದರಲ್ಲಿ ಒಂದೊಂದು ಚಮಚ ಸಾಕು. ತರಕಾರಿ, ಕಾಳು, ಮೊಟ್ಟೆ ಇದ್ದರೆ ಮೊದಲು ಅವನ್ನು ತಿನ್ನು. ಅನ್ನ, ಸಿಹಿ ಕೊನೆಗಿರಲಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಮಾಡಿದ, 2015ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಇದೇ ಕ್ರಮದಲ್ಲಿ ಉಂಡಾಗ ಊಟದ ನಂತರ ರಕ್ತದ ಸಕ್ಕರೆ ಕಡಿಮೆ ಏರಿತ್ತು. ನಿನ್ನ ದೊಡ್ಡಪ್ಪನಿಗೂ ಇದು ಉಪಯೋಗಕ್ಕೆ ಬರಬಹುದು.

ಕುಡಿಯುವುದರ ಮೇಲೆ ಸ್ವಲ್ಪ ಗಮನ ಇರಲಿ. ಒಂದೇ ದಿನ ಮೂರು ಮನೆಗೆ ಹೋದರೆ ಮೂರು ಕಡೆಯೂ ಲೋಟ ಕೈಗೆ ಬರುತ್ತದೆ. 250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಡಿದ ಸಕ್ಕರೆಯಿಂದ ಹೊಟ್ಟೆಯೂ ತುಂಬುವುದಿಲ್ಲ. "ಬರೀ ನೀರು ಕೊಡಿ, ತುಂಬಾ ಬಾಯಾರಿದೆ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಬೇಡ ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ಎರಡು ಸಲ ಓದು.

"ಡಯಟ್" ಅನ್ನುವ ಪದ ಊಟಕ್ಕೆ ಕೂತಾಗ ತೆಗೆಯಲೇಬೇಡ. ಅದನ್ನು ಕೇಳಿದ ಕೂಡಲೇ ಚರ್ಚೆ ಶುರುವಾಗುತ್ತದೆ. ಇಷ್ಟು ಸಣ್ಣ ವಯಸ್ಸಿಗೆ ಡಯಟ್ ಯಾಕೆ ಅಂತ ಒಬ್ಬರು, ನೋಡು ಎಷ್ಟು ಸೊರಗಿದ್ದಾಳೆ ಅಂತ ಇನ್ನೊಬ್ಬರು. ಹೊಟ್ಟೆ ನೋವು ಅಂತ ಸುಳ್ಳೂ ಹೇಳಬೇಡ. ಅವರು ಸುಮ್ನೆ ಗಾಬರಿಯಾಗುತ್ತಾರೆ, ನೀನು ಮಾರನೇ ದಿನವೂ ಆ ಸುಳ್ಳನ್ನು ಕಾಪಾಡಬೇಕಾಗುತ್ತದೆ. ಮೊದಲು ಅಡುಗೆಯ ಬಗ್ಗೆ ಒಂದು ನಿಜವಾದ ಒಳ್ಳೆ ಮಾತು ಹೇಳು, ಆಮೇಲೆ ಸಾಕು ಅನ್ನು. "ಅಜ್ಜಿ, ಇದು ತುಂಬಾ ಚೆನ್ನಾಗಿತ್ತು, ಹೊಟ್ಟೆ ತುಂಬ ತಿಂದೆ. ಈಗ ಸಾಕು. ಸ್ವಲ್ಪ ಎತ್ತಿಡು, ರಾತ್ರಿ ತಿಂತೀನಿ." ರಾತ್ರಿ ಮರೆಯದೆ ಕೇಳಿ ತಿನ್ನು. ನಿನ್ನ ಮಾತಿಗೆ ಬೆಲೆ ಬರುವುದು ಅಲ್ಲಿ.

"ನಮ್ಮ ಅಡುಗೆ ಹಿಡಿಸಲಿಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ವಾದ ಮಾಡಬೇಡ, ಕಾರಣ ಕೊಡಬೇಡ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಇದ್ದೇ ಇರುತ್ತದೆ. ನಗುತ್ತಾ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಂದು ಸಲ ಹೇಳು. ಮೊದಲ ಸಲ ಬೇಡ ಅಂದದ್ದನ್ನು ಜನ ಸಂಕೋಚ ಅಂದುಕೊಳ್ಳುತ್ತಾರೆ, ಮೂರನೇ ಸಲಕ್ಕೆ ನಂಬುತ್ತಾರೆ. ಎರಡನೇ ಸಲಕ್ಕೇ ಸೋತು ತಟ್ಟೆ ಮುಂದೆ ಹಿಡಿದರೆ, ಮುಂದಿನ ಊಟಕ್ಕೂ ನಿನ್ನ 'ಬೇಡ' ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಅಡುಗೆಮನೆಯಲ್ಲಿ ಹೋಗಿ ಕೂರು. ತರಕಾರಿ ಹೆಚ್ಚಿಕೊಡು, ಅಜ್ಜಿ ಹೇಗೆ ಮಾಡುತ್ತಾರೆ ಅಂತ ಕೇಳು, ಬರೆದುಕೋ. ಬಡಿಸುವ ಕೆಲಸ ನೀನೇ ತಗೋ. ಬಡಿಸುವವಳ ತಟ್ಟೆಗೆ ಬೇರೆಯವರು ಸುರಿಯುವುದು ಕಡಿಮೆ, ನಿನಗೆ ಬೇಕಾದಷ್ಟೇ ಹಾಕಿಕೊಳ್ಳಬಹುದು. ಊಟದ ಮೇಲೆ ಅತ್ತೆಯನ್ನು ಕರೆದುಕೊಂಡು ಹತ್ತು ನಿಮಿಷ ನಡೆದು ಬಾ. ಸಕ್ಕರೆಯೂ ಇಳಿಯುತ್ತದೆ, ಅವರಿಗೆ ನೀನು ಒಬ್ಬಳೇ ಸಿಕ್ಕ ಹಾಗೂ ಆಗುತ್ತದೆ. ಅವರಿಗೆ ಬೇಕಿರುವುದು ನಿನ್ನ ಜೊತೆಗಿನ ಹೊತ್ತು. ಅದನ್ನು ಧಾರಾಳವಾಗಿ ಕೊಡು, ಆಗ ಊಟದ ಒತ್ತಾಯ ತಾನಾಗಿ ಸಡಿಲವಾಗುತ್ತದೆ.

ದಪ್ಪ ಆಗಿದ್ದೀಯ, ಸಣ್ಣ ಆಗಿದ್ದೀಯ ಅನ್ನುವ ಮಾತುಗಳಿಗೆ ಉತ್ತರ ಕೊಡಬೇಕಿಲ್ಲ. ಮಾತು ಬದಲಾಯಿಸು. ಮತ್ತೆ ಮತ್ತೆ ಚುಚ್ಚಿದರೆ "ಈ ಮಾತು ನನಗೆ ಬೇಸರ ಆಗುತ್ತೆ" ಅಂತ ನೇರ ಹೇಳು. ಅದು ಅಗೌರವ ಅಲ್ಲ.

ಒಂದೊಂದು ದಿನ ಜಾಸ್ತಿ ತಿಂದೇ ತಿನ್ನುತ್ತೀಯ, ತಿನ್ನು. ಆದರೆ ಮಾರನೇ ದಿನ ಉಪವಾಸ ಕೂರಬೇಡ, ಸಂಜೆಗೆ ಇನ್ನೂ ಜಾಸ್ತಿ ಹಸಿವಾಗುತ್ತದೆ. ಬಂದ ಕೂಡಲೇ ತೂಕ ನೋಡುವುದೂ ಬೇಡ. ಉಪ್ಪು, ಸಿಹಿ ಜಾಸ್ತಿಯಾದಾಗ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ, ಏರಿದ ತೂಕದಲ್ಲಿ ಬಹುಪಾಲು ಅದೇ ಇರುತ್ತದೆ. ಅಮೆರಿಕದಲ್ಲಿ 195 ಜನರನ್ನು ವರ್ಷಾಂತ್ಯದ ಹಬ್ಬದ ದಿನಗಳಲ್ಲಿ ತೂಗಿ ನೋಡಿದ 2000ದ ಅಧ್ಯಯನದಲ್ಲಿ, ಸರಾಸರಿ ಏರಿದ್ದು ಅರ್ಧ ಕೆಜಿಗಿಂತ ಕಡಿಮೆ. ಜನ ಅಂದುಕೊಂಡದ್ದು ಅದಕ್ಕಿಂತ ಬಹಳ ಜಾಸ್ತಿ. ಆ ಚೂರು ತೂಕ ಆಮೇಲೆ ಇಳಿಯದೆ ಉಳಿದದ್ದೂ ನಿಜ. ಹಾಗಾಗಿ ಮನೆಗೆ ಬಂದ ಮೇಲೆ ಎಂದಿನ ಊಟ, ಎಂದಿನ ನಡಿಗೆ ಶುರು ಮಾಡಿದರೆ ಸಾಕು.

ಅತ್ತೆಯ ಹತ್ತಿರ ಮಾತ್ರ ನಿನಗೆ ಕಷ್ಟ ಆಗುತ್ತದೆ ಅಂತ ನನಗೆ ಗೊತ್ತು, ಬೇಡ ಅಂದರೆ ಅವರ ಕಣ್ಣೇ ತುಂಬುತ್ತದೆ. ಬೇಕಾದರೆ ನಾನೇ ಮೊದಲು ಫೋನ್ ಮಾಡಿ ಒಂದು ಮಾತು ಹೇಳಿರುತ್ತೇನೆ. ಹೇಳಲಾ ಬೇಡವಾ, ನಾಳೆಯೊಳಗೆ ತಿಳಿಸು.

ಪ್ರೀತಿಯಿಂದ,
ಅಮ್ಮ