ಬೆನ್ನಟ್ಟುವ ಕಾಲಾಳುಗಳೇ ಗುರಿ

ಮಾನ್ಯ ಸಂಪಾದಕರೆ,

ಪತ್ರಿಕೆಗಳ ಚೆಸ್ ಅಂಕಣಗಳಲ್ಲಿ ಬಿಳಿಯ ಇ4 ನಡೆಗೆ (ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ; ಕಾಯಿಯ ಹೆಸರಿಲ್ಲದೆ ಮನೆಯನ್ನಷ್ಟೇ ಹೇಳಿದರೆ ಅದು ಕಾಲಾಳಿನ ನಡೆ) ಸಿಸಿಲಿಯನ್ ರಕ್ಷಣೆ ಬಿಟ್ಟರೆ ಬೇರೆ ಉತ್ತರವೇ ಇಲ್ಲವೇನೋ ಎನಿಸುತ್ತದೆ. ಅಲೆಖೈನ್ 1921ರಲ್ಲಿ ಬುಡಾಪೆಸ್ಟ್‌ನಲ್ಲಿ ಆಡಿದ, ಅವರದೇ ಹೆಸರಿನ ಅಲೆಖೈನ್ ರಕ್ಷಣೆಗೂ ಒಂದಿಷ್ಟು ಜಾಗ ಕೊಡಿ. 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನ 13ನೇ ಆಟದಲ್ಲಿ ಫಿಷರ್ ಸ್ಪಾಸ್ಕಿಯನ್ನು ಸೋಲಿಸಿದ್ದು ಇದರಿಂದಲೇ.

ಕಪ್ಪು ಮೊದಲ ನಡೆಯಲ್ಲೇ ಕುದುರೆಯನ್ನು ಎಫ್6ಕ್ಕೆ ತರುತ್ತದೆ. ಬಿಳಿ ಇ5 ಎಂದು ಅಟ್ಟಿದರೆ ಡಿ5ಕ್ಕೆ ಹೋಗಬೇಕು. ಅದರ ಬದಲು ಇ4ಕ್ಕೆ ನುಗ್ಗಿದರೆ ಬಿಳಿ ಡಿ3 ಎಂದು ಅಟ್ಟುತ್ತದೆ, ಸಿ5ಕ್ಕೆ ಸರಿದರೆ ಡಿ4. ಕುದುರೆಗೆ ಸುತ್ತಾಟವೇ ಗತಿ. ಕುದುರೆ ಡಿ5ಕ್ಕೆ ಹೋದ ಮೇಲೆ ಬಿಳಿ ಡಿ4, ಕಪ್ಪು ಡಿ6.

ಈಗ ಸಿ4 ಬಂದರೆ ಕುದುರೆ ಬಿ6ಕ್ಕೆ, ಆಮೇಲೆ ಎಫ್4. ನಾಲ್ಕು ಕಾಲಾಳುಗಳ ಈ ಗೋಡೆ ಕಂಡು ಹೊಸಬರು ಗಾಬರಿಯಾಗುತ್ತಾರೆ. ಇ5ರಲ್ಲಿ ಕಾಲಾಳು ಬದಲಿಸಿ, ಇನ್ನೊಂದು ಕುದುರೆಯನ್ನು ಸಿ6ಕ್ಕೆ ತಂದು ಡಿ4ರ ಮೇಲೆ ಒತ್ತಡ ಹೇರಬೇಕು. ಬಿಳಿಯ ಬಿಷಪ್ ಇ3ಕ್ಕೆ ಬಂದರೆ ನಮ್ಮದು ಎಫ್5ಕ್ಕೆ. ಇ6 ಏನಿದ್ದರೂ ನಂತರ. ಮೊದಲೇ ಇ6 ಆಡಿದರೆ ಸಿ8ರ ಬಿಷಪ್ ಒಳಗೇ ಬಂದಿ.

ಅಪಾಯ ಹೆಚ್ಚಿರುವುದು ಸೌಮ್ಯವಾಗಿ ಕಾಣುವ ಸಾಲಿನಲ್ಲಿ. ನಾಲ್ಕನೇ ನಡೆಗೆ ಬಿಳಿಯ ಕುದುರೆ ಎಫ್3ಕ್ಕೆ, ಕಪ್ಪು ಇ5ರಲ್ಲಿ ಹೊಡೆದು, ಬಿಳಿಯು ಕುದುರೆಯಿಂದ ತಿರುಗಿ ಹೊಡೆದಾಗ ಕಪ್ಪು ಬಿ8ರ ಕುದುರೆಯನ್ನು ಡಿ7ಕ್ಕೆ ತಂದರೆ ಬಿಳಿ ಎಫ್7ರಲ್ಲಿ ಕುದುರೆ ಬಲಿ ಕೊಡುತ್ತದೆ. ರಾಜ ಹೊಡೆಯುತ್ತಾನೆ, ರಾಣಿ ಎಚ್5ರಿಂದ ಚೆಕ್! ರಾಜ ಜಿ8ಕ್ಕೆ ಓಡಿದರೆ ಡಿ5ರ ಕುದುರೆ ಹೋಗಿ, ಇ6ರಲ್ಲಿ ಮಾತ್. ಇ6ಕ್ಕೆ ಹೊರಬಂದರೆ ಬಯಲಲ್ಲಿ ಬೇಟೆ. ಡೆನ್ಮಾರ್ಕ್‌ನ ಲಾರ್ಸೆನ್ 1965ರಲ್ಲಿ ಮಾಜಿ ವಿಶ್ವ ಚಾಂಪಿಯನ್ ತಾಲ್ ಎದುರೇ ಇದನ್ನು ಆಡಿದರು, ತಾಲ್ ಬಲಿ ಕೊಡಲಿಲ್ಲ ಅಷ್ಟೆ! ಕುದುರೆಯನ್ನು ಡಿ7ಕ್ಕೆ ತರುವ ಬದಲು ಜಿ6 ಅಥವಾ ಸಿ6 ಸಾಕು.

– ಚೆಸ್ ಪ್ರಿಯ ಓದುಗ, ಮೈಸೂರು