ವೈರಸ್ಸನ್ನು ಕಳ್ಳ ಅಂತ ಬರೆಯಬೇಡ

ಪ್ರೀತಿಯ ತಂಗಿ,

ಶಾಪರಾನ್‌ಗಳು, ಅಂದರೆ ಬೇರೆ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್‌ಗಳು, ಅವನ್ನು ವೈರಸ್ಸು ಬಳಸಿಕೊಳ್ಳುವ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಒಳ್ಳೆ ವಿಷಯ ಹಿಡಿದಿದ್ದೀಯ. ಆದರೆ ಶುರುವಿನಿಂದ ಕೊನೆವರೆಗೂ ವೈರಸ್ಸು ಕಳ್ಳ, ಮೋಸಗಾರ, ಕಪಟಿ. ಅದನ್ನೆಲ್ಲ ತೆಗೆದುಬಿಡು. ಓದುಗರಿಗೆ ಸಿಟ್ಟು ಬರುತ್ತದೆ, ಜೀವಕೋಶದೊಳಗೆ ಏನಾಯಿತು ಅನ್ನೋದು ಮಾತ್ರ ತಿಳಿಯುವುದಿಲ್ಲ.

ಅಲ್ಲಿ ಆಗುವುದನ್ನೇ ಬರೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನಿಂದ ಪ್ರೋಟೀನ್ ಉದ್ದನೆಯ ಸರಪಳಿಯಾಗಿ ಹೊರಬರುತ್ತದೆ. ನೀರಿಗೆ ಒಗ್ಗದ ಭಾಗಗಳು ಬಯಲಲ್ಲಿದ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಎಚ್‌ಎಸ್‌ಪಿ70 ಎಂಬ ಶಾಪರಾನ್ ಆ ಭಾಗಗಳನ್ನು ಹಿಡಿಯುತ್ತದೆ, ಜೀವಕೋಶದ ಇಂಧನವಾದ ಎಟಿಪಿ ಬಳಸಿ ಅವನ್ನು ಬಿಟ್ಟುಕೊಡುತ್ತದೆ, ಬೇಕಾದರೆ ಮತ್ತೆ ಹಿಡಿಯುತ್ತದೆ. ಬಿಟ್ಟಾಗ ಸರಪಳಿ ಮಡಚಿಕೊಳ್ಳುತ್ತದೆ. ಅದು ನಮ್ಮದೋ ವೈರಸ್ಸಿನದೋ ಅಂತ ಎಚ್‌ಎಸ್‌ಪಿ70 ನೋಡುವುದಿಲ್ಲ. ಎರಡೂ ತಯಾರಾಗುವುದು ನಮ್ಮ ರೈಬೋಸೋಮ್‌ಗಳಲ್ಲೇ ಅಲ್ವಾ?

ಶಾಪರಾನ್‌ಗಳು ಮೊದಲು ಸಿಕ್ಕವು, ವೈರಸ್ಸಿನ ಜೊತೆಗಿನ ನಂಟು ಆಮೇಲೆ ಗೊತ್ತಾಯಿತು ಅಂತ ಬರೆದಿದ್ದೀಯ. ಬ್ಯಾಕ್ಟೀರಿಯಾದಲ್ಲಿ ನಡೆದದ್ದು ಉಲ್ಟಾ. 1970ರ ದಶಕದ ಆರಂಭದಲ್ಲಿ ಕೋಸ್ಟಾ ಜಾರ್ಜೋಪೌಲೋಸ್ ಮತ್ತಿತರ ವಿಜ್ಞಾನಿಗಳು ಬ್ಯಾಕ್ಟೀರಿಯಾಗೆ ತಗಲುವ ಲ್ಯಾಂಬ್ಡಾ ವೈರಸ್ಸು ಬೆಳೆಯಲಾಗದ ಇ. ಕೊಲೈ ಬ್ಯಾಕ್ಟೀರಿಯಾ ತಳಿಗಳನ್ನು ಹುಡುಕುತ್ತಿದ್ದರು. ಕೆಲವು ತಳಿಗಳಲ್ಲಿ ವೈರಸ್ಸಿನ ತಲೆಯ (ಅದರ ಡಿಎನ್‌ಎ ತುಂಬಿರುವ ಚಿಪ್ಪಿನ) ಪ್ರೋಟೀನ್ ತಯಾರಾಗುತ್ತಿತ್ತು, ತಲೆ ಮಾತ್ರ ಜೋಡಣೆಯಾಗುತ್ತಿರಲಿಲ್ಲ. ತೊಂದರೆ ಇದ್ದದ್ದು ಬ್ಯಾಕ್ಟೀರಿಯಾದ್ದೇ ಜೀನ್‌ನಲ್ಲಿ. ಅದಕ್ಕೆ ಗ್ರೋ-ಇ ಅಂತ ಹೆಸರಿಟ್ಟರು. ಅಲ್ಲಿಂದ ಬರುವ ಗ್ರೋ-ಇಎಲ್ ಒಂದು ಶಾಪರಾನ್ ಎಂದು ಸ್ಪಷ್ಟವಾಗಿದ್ದು 1980ರ ದಶಕದ ಕೊನೆಗೆ. ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ70 ಕೂಡ ಲ್ಯಾಂಬ್ಡಾದ ಬೆನ್ನು ಹತ್ತಿ ಹೋದವರಿಗೇ ಸಿಕ್ಕಿತು. ನಿನ್ನ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಇ. ಕೊಲೈಗೇ ತಗಲುವ ಟಿ4 ವೈರಸ್ಸನ್ನೂ ಬಿಡಬೇಡ, ನನಗೆ ತುಂಬಾ ಇಷ್ಟವಾದದ್ದು ಅದು. ಗ್ರೋ-ಇಎಲ್ ಒಂದು ಟೊಳ್ಳು ಗೂಡು, ಗ್ರೋ-ಇಎಸ್ ಅದರ ಮುಚ್ಚಳ. ಟಿ4ನ ತಲೆಯ ಪ್ರೋಟೀನ್ ಆ ಮುಚ್ಚಳದಡಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಅದಕ್ಕೇ ಟಿ4 ತನ್ನದೇ ಮುಚ್ಚಳ ತಯಾರಿಸುತ್ತದೆ, ಜಿಪಿ31. ಗೂಡು ಬ್ಯಾಕ್ಟೀರಿಯಾದ್ದು, ಮುಚ್ಚಳ ವೈರಸ್ಸಿನದು. ಇದನ್ನು ಸುಮ್ನೆ ಇದ್ದ ಹಾಗೆ ಹೇಳು, ಬಣ್ಣ ಹಚ್ಚಬೇಡ.

ಇನ್ನು ಔಷಧದ ಭಾಗ. ಇಲ್ಲಿ ಜಾಸ್ತಿ ಎಚ್ಚರ ಬೇಕು. ಪೋಲಿಯೊ ವೈರಸ್ಸಿನ ಕವಚದಲ್ಲಿ ನಾಲ್ಕು ಬಗೆಯ ಪ್ರೋಟೀನ್‌ಗಳಿವೆ, ತಲಾ 60. ನಾಲ್ಕೂ ಮೊದಲು ಪಿ1 ಎಂಬ ಒಂದೇ ಸರಪಳಿ. ಎಚ್‌ಎಸ್‌ಪಿ90 ಎಂಬ ಇನ್ನೊಂದು ಶಾಪರಾನ್ ಇಲ್ಲದಿದ್ದರೆ ಪಿ1 ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಅದನ್ನು ಕತ್ತರಿಸಿ ಬೇರೆ ಮಾಡುವ ಕಿಣ್ವಕ್ಕೆ ಒದಗುವುದಿಲ್ಲ. 2007ರಲ್ಲಿ ವಿಜ್ಞಾನಿಗಳಾದ ಜುಡಿತ್ ಫ್ರಿಡ್‌ಮನ್, ರೌಲ್ ಆಂದಿನೊ ತಂಡ ಎಚ್‌ಎಸ್‌ಪಿ90 ತಡೆದು ನೋಡಿತು. ವೈರಸ್ಸು ತಗ್ಗಿತು. ಮದ್ದಿಗೆ ಬಗ್ಗದ ತಳಿಯೂ ಹುಟ್ಟಲಿಲ್ಲ. ಡೆಂಗಿ ವೈರಸ್ಸಿಗೆ ಎಚ್‌ಎಸ್‌ಪಿ70 ಹಲವು ಹಂತಗಳಲ್ಲಿ ಬೇಕು ಅಂತ 2015ರಲ್ಲಿ ಫ್ರಿಡ್‌ಮನ್ ಮತ್ತು ಆಂದಿನೊ ಅವರ ತಂಡವೇ ತೋರಿಸಿತು.

ಆದರೆ 'ಡೆಂಗಿಗೆ ಮದ್ದು ಸಿಕ್ಕಿತು' ಎಂಬ ನಿನ್ನ ಸಾಲು ನಿಲ್ಲುವುದಿಲ್ಲ. ಆ ಕೆಲಸ ನಡೆದದ್ದು ಪ್ರಯೋಗಾಲಯದಲ್ಲಿ. ಈ ಶಾಪರಾನ್‌ಗಳು ನಮ್ಮ ಜೀವಕೋಶಗಳಿಗೂ ಬೇಕು, ತಡೆದರೆ ನಮಗೂ ಪೆಟ್ಟು. ಮಳೆಗಾಲದಲ್ಲಿ ಮಗುವಿನ ಪ್ಲೇಟ್‌ಲೆಟ್ ರಿಪೋರ್ಟ್ ಕೈಯಲ್ಲಿ ಹಿಡಿದವರೂ ನಿನ್ನ ಲೇಖನ ಓದುತ್ತಾರೆ. ಆ ಸಾಲು ತೆಗೆದು, ಈ ಮಾತನ್ನೂ ಸೇರಿಸಿ ಕಳಿಸು. ಮತ್ತೆ ಓದುತ್ತೇನೆ.

ನಿನ್ನ ಅಕ್ಕ